ಪೆನ್‌ಡ್ರೈವಿನಲ್ಲಿ ಬಂದ ಎಕ್ಸೋಮ್: ಬಿಸಾಡಿದ್ದರಲ್ಲಿ ಏನಿತ್ತು?

ಪ್ರಶ್ನೆ: ನನ್ನ ತಂಗಿಯ ಮಗನಿಗೆ ನಾಲ್ಕು ವರ್ಷ. ನಡಿಗೆ, ಮಾತು ಎರಡೂ ತಡ. ಒಂದು ವರ್ಷದಿಂದ ಫಿಟ್ಸ್ ಕೂಡ ಬರುತ್ತಿದೆ. ಡಾಕ್ಟರು ಹೇಳಿದಂತೆ ಜೀನುಗಳನ್ನು ಓದುವ ಎಕ್ಸೋಮ್ ಪರೀಕ್ಷೆ ಮಾಡಿಸಿದೆವು. ಒಂದೂವರೆ ತಿಂಗಳಿಗೆ ವರದಿ ಬಂತು. ಒಂದು ಜೀನಿನ ಒಂದು ಪ್ರತಿಯಲ್ಲಿ ಬದಲಾವಣೆ ಇದೆ, ಆದರೆ ಅದರ ಮಹತ್ವ ಅನಿಶ್ಚಿತ ಎಂದು ಬರೆದಿದ್ದಾರೆ. ಕೇಳಿ ಪಡೆದ ಪೆನ್‌ಡ್ರೈವಿನಲ್ಲಿ 9 ಜಿಬಿ ಫೈಲುಗಳಿವೆ. ನಾನು ಸಾಫ್ಟ್‌ವೇರ್ ಕೆಲಸದವನು. ತೆರೆದು ನೋಡಿದರೆ ಬರೀ ಅಕ್ಷರಗಳ ಸಂತೆ. ಇದರಿಂದ ಕಂಪ್ಯೂಟರ್ ಆ ಒಂದು ಸಾಲಿಗೆ ಬಂದದ್ದು ಹೇಗೆ? ಇನ್ನೊಂದು ಲ್ಯಾಬಿನಲ್ಲಿ ಮಗುವಿನ ರಕ್ತ ಮತ್ತೆ ಕೊಡಬೇಕೆ? ಅಂದಹಾಗೆ, ತಂಗಿಯನ್ನು ನಮ್ಮ ಸೋದರಮಾವನಿಗೇ ಕೊಟ್ಟಿರುವುದು. ಅದು ಇಲ್ಲಿ ಮುಖ್ಯವೋ ಅಲ್ಲವೋ ಗೊತ್ತಿಲ್ಲ.
– ಓದುಗರು, ದಾವಣಗೆರೆ

ಉತ್ತರ: ಪತ್ರ ಮುಗಿಸುವಾಗ ‘ಅಂದಹಾಗೆ’ ಎಂದು ಸೇರಿಸಿದಿರಲ್ಲ, ಇಡೀ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬರುವ ಮಾತು ಅದೇ. ಲ್ಯಾಬಿನ ಫಾರ್ಮಿನಲ್ಲಿ ಅದನ್ನು ತುಂಬಿದ್ದಿರಾ ಎಂದು ಮೊದಲು ನೋಡಿ. ಯಾಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ರಕ್ತದ ಪ್ರಶ್ನೆಗೆ ಚುಟುಕು ಉತ್ತರ ಇಷ್ಟು: ಮಗುವಿನದು ಸದ್ಯಕ್ಕೆ ಬೇಡ, ಅಪ್ಪ ಅಮ್ಮನದು ಬೇಕಾದೀತು. ಇನ್ನೊಂದು ಮಾತು, ನಾನು ಡಾಕ್ಟರಲ್ಲ, ಫೈಲುಗಳ ಲೆಕ್ಕ ಮಾಡುವವನು. ಫಿಟ್ಸಿನ ಔಷಧಿಯನ್ನು ಈ ಉತ್ತರ ಓದಿ ಹೆಚ್ಚು ಕಡಿಮೆ ಮಾಡಬೇಡಿ.

ವರದಿ ಕೈಗೆ ಬಂದಾಗ ಬಹಳ ಜನ ಅಂದುಕೊಳ್ಳುವುದೇನೆಂದರೆ, ಯಂತ್ರ ಮಗುವಿನ ಡಿಎನ್‌ಎಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ತಪ್ಪು ಕಂಡ ಕಡೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೊಟ್ಟಿದೆ ಎಂದು. ನಿಜದಲ್ಲಿ ಯಂತ್ರ ಓದುವುದು ಚೂರುಗಳನ್ನು ಮಾತ್ರ. ಉಳಿದದ್ದೆಲ್ಲ ಕಂಪ್ಯೂಟರಿನ ಲೆಕ್ಕ. ಆ ಲೆಕ್ಕ ಹಂತಹಂತಕ್ಕೂ ಒಂದಿಷ್ಟನ್ನು ಬಿಸಾಡುತ್ತಾ ಹೋಗುತ್ತದೆ. ಬಿಸಾಡದೆ ಗತಿಯಿಲ್ಲ. ಯಾರದೇ ಪೂರ್ತಿ ಜೀನೋಮನ್ನು, ಅಂದರೆ ಇಡೀ ಡಿಎನ್‌ಎಯನ್ನು, ಎಲ್ಲರೂ ಹೋಲಿಕೆಗೆ ಬಳಸುವ ಮಾದರಿ ಜೀನೋಮಿನ ಪಕ್ಕದಲ್ಲಿಟ್ಟರೆ 40ರಿಂದ 50 ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ, ಆರೋಗ್ಯವಂತರದೂ ಅಷ್ಟೇ. ಪ್ರೋಟೀನ್ ಬರೆಯುವ ಭಾಗಗಳನ್ನಷ್ಟೇ ಓದುವ ಎಕ್ಸೋಮಿನಲ್ಲೂ ವ್ಯತ್ಯಾಸಗಳು ಹತ್ತಾರು ಸಾವಿರ. ಅಷ್ಟರಲ್ಲಿ ಜರಡಿ ಹಿಡಿದು ಉಳಿದದ್ದು ನಿಮ್ಮ ವರದಿಯ ಆ ಸಾಲು. ಇಂಥ ವರದಿ ನನ್ನ ಮುಂದೆ ಬಂದರೆ ನಾನು ಮೊದಲು ಕೇಳುವುದು, ಯಾವ ಜರಡಿಯಲ್ಲಿ ಏನು ಕೆಳಗೆ ಬಿತ್ತು ಎಂದು.

ಈಗ ಪೆನ್‌ಡ್ರೈವ್ ತೆರೆಯೋಣ. ದೊಡ್ಡ ಎರಡು ಫೈಲುಗಳಿವೆಯಲ್ಲ, ಅವು ಫಾಸ್ಟ್‌ಕ್ಯೂ. ಯಂತ್ರದ ಬಾಯಿಂದ ನೇರವಾಗಿ ಬಂದದ್ದು. ಪ್ರತಿ ಚೂರನ್ನೂ ಎರಡೂ ತುದಿಯಿಂದ ಓದಿರುವುದರಿಂದ ಫೈಲೂ ಎರಡು. ಅದರಲ್ಲಿ ನಾಲ್ಕು ನಾಲ್ಕು ಸಾಲಿನ ಕಂತೆಗಳು: ಮೊದಲ ಸಾಲು ಚೂರಿನ ಹೆಸರು, ಎರಡನೆಯದು ಸುಮಾರು 150 ಅಕ್ಷರಗಳು (ಎ, ಸಿ, ಜಿ, ಟಿ), ಮೂರನೆಯದು ಒಂದು ಕೂಡಿಸುವ ಚಿಹ್ನೆ, ನಾಲ್ಕನೆಯದು ಗುಜರಿಯಂತೆ ಕಾಣುವ ಚಿಹ್ನೆಗಳ ಸಾಲು. ಹೊಸಬರು ಈ ನಾಲ್ಕನೆಯದನ್ನು ಹಾಗೇ ದಾಟಿಹೋಗುತ್ತಾರೆ. ಫೈಲಿನ ಪ್ರಾಮಾಣಿಕತೆ ಇರುವುದೇ ಅಲ್ಲಿ. ‘ಈ ಅಕ್ಷರ ತಪ್ಪಿರುವ ಸಾಧ್ಯತೆ ಇಷ್ಟು’ ಎಂದು ಯಂತ್ರ ಒಂದೊಂದು ಅಕ್ಷರಕ್ಕೂ ತಾನೇ ಒಪ್ಪಿಕೊಂಡಿರುತ್ತದೆ. ಅಂಕ 20 ಇದ್ದರೆ ತಪ್ಪು ನೂರಕ್ಕೆ ಒಂದು, 30 ಇದ್ದರೆ ಸಾವಿರಕ್ಕೆ ಒಂದು. ಜಾಗ ಉಳಿಸಲು ಅಂಕಕ್ಕೆ 33 ಕೂಡಿಸಿ, ಕಂಪ್ಯೂಟರಿನ ಚಿಹ್ನೆಪಟ್ಟಿಯಾದ ಆಸ್ಕಿಯಲ್ಲಿ ಆ ಸಂಖ್ಯೆಗಿರುವ ಚಿಹ್ನೆಯನ್ನು ಬರೆಯುತ್ತಾರೆ. ಸಾಫ್ಟ್‌ವೇರಿನವರಾದ ನಿಮಗೆ ಇದು ತಮಾಷೆ ಎನಿಸಬಹುದು: ಪ್ರಶ್ನಾರ್ಥಕ ಚಿಹ್ನೆ ಆಸ್ಕಿಯಲ್ಲಿ 63, ಹಾಗಾಗಿ ಇಲ್ಲಿ ಅದರ ಅರ್ಥ ಅಂಕ 30. ಸಾಲಿನ ತುಂಬ ‘?’ ಕಂಡರೆ ಓದು ಚೆನ್ನಾಗಿದೆ ಎಂದೇ ತಿಳಿಯಿರಿ. ಸಾಲಿನ ಬಾಲದಲ್ಲಿ ‘#’ ಸಾಲುಗಟ್ಟಿದ್ದರೆ ಅಲ್ಲಿ ಅಂಕ 2, ಅಂದರೆ ಅಕ್ಷರ ಸರಿಯಿರುವುದಕ್ಕಿಂತ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಮೊದಲ ಜರಡಿ ಇಂಥ ಬಾಲಗಳನ್ನು ಕತ್ತರಿಸುತ್ತದೆ. ಇದರ ಬಗ್ಗೆ ಯಾರದೂ ತಕರಾರಿಲ್ಲ.

ಮುಂದಿನ ಕೆಲಸ, ಈ ಚೂರುಗಳು ಜೀನೋಮಿನ ಯಾವ ಜಾಗದಿಂದ ಬಂದವು ಎಂದು ಹುಡುಕುವುದು. ಮಾದರಿ ಜೀನೋಮಿನಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ. 150 ಅಕ್ಷರದ ಒಂದು ಚೂರನ್ನು, ಅಲ್ಲೊಂದು ಇಲ್ಲೊಂದು ವ್ಯತ್ಯಾಸ ಇರಬಹುದು ಎಂದು ಬಿಟ್ಟುಕೊಟ್ಟು, ಎಲ್ಲ ಜಾಗಕ್ಕೂ ಹೊಂದಿಸಿ ನೋಡುವ ಶುದ್ಧ ವಿಧಾನವನ್ನು 1981ರಲ್ಲೇ ಸ್ಮಿತ್ ಮತ್ತು ವಾಟರ್‌ಮನ್ ಕೊಟ್ಟಿದ್ದಾರೆ. ಅಡ್ಡಕ್ಕೆ ಚೂರು, ಉದ್ದಕ್ಕೆ ಜೀನೋಮ್ ಬರೆದು, ಚೌಕ ಚೌಕ ತುಂಬುತ್ತಾ ಹೋಗುವುದು. ಒಂದು ಚೂರಿಗೆ 46,500 ಕೋಟಿ ಚೌಕಗಳಾದವು. ಸೆಕೆಂಡಿಗೆ 100 ಕೋಟಿ ಚೌಕ ತುಂಬಿದರೂ ಒಂದು ಚೂರಿಗೆ ಏಳೂಮುಕ್ಕಾಲು ನಿಮಿಷ. ನಿಮ್ಮ ಫೈಲಿನಲ್ಲಿ 5 ಕೋಟಿ ಚೂರುಗಳಿವೆ ಎಂದಿಟ್ಟುಕೊಂಡರೆ 700 ವರ್ಷದ ಮೇಲಾಯಿತು. ಹಕ್ಕ ಬುಕ್ಕರು ವಿಜಯನಗರ ಕಟ್ಟಿದ ದಿನ ಎಂಟರ್ ಒತ್ತಿದ್ದರೆ ಕಂಪ್ಯೂಟರ್ ಇನ್ನೂ ಓಡುತ್ತಲೇ ಇರುತ್ತಿತ್ತು.

ಇದನ್ನು ಗಂಟೆಗಳಿಗೆ ಇಳಿಸಿದ ಉಪಾಯ ಜೀವಶಾಸ್ತ್ರದಿಂದ ಬಂದದ್ದಲ್ಲ, ಫೈಲ್ ಕುಗ್ಗಿಸುವವರಿಂದ ಬಂದದ್ದು. 1994ರಲ್ಲಿ ಬರೋಸ್ ಮತ್ತು ವೀಲರ್ ಎಂಬ ಇಬ್ಬರು ಪಠ್ಯವನ್ನು ಜಿಪ್ ಮಾಡಲು ಒಂದು ಚಮತ್ಕಾರ ಪ್ರಕಟಿಸಿದರು. ಒಂದು ಪದ ತೆಗೆದುಕೊಳ್ಳಿ, ಕೊನೆಗೊಂದು ಗುರುತು ಹಾಕಿ, ಗರಗರ ತಿರುಗಿಸಿ. ಪದವೂ ‘ಗರಗರ’ ಎಂದೇ ಇರಲಿ. ‘ಗರಗರ॥’ ಅನ್ನು ಒಂದೊಂದೇ ಅಕ್ಷರ ಸರಿಸುತ್ತಾ ತಿರುಗಿಸಿದರೆ ಐದು ರೂಪ ಸಿಗುತ್ತವೆ. ಅವನ್ನು ನಿಘಂಟಿನ ಕ್ರಮದಲ್ಲಿ ಜೋಡಿಸಿ, ‘॥’ ಎಲ್ಲಕ್ಕಿಂತ ಮೊದಲು ಬರಲಿ:

॥ಗರಗರ
ಗರ॥ಗರ
ಗರಗರ॥
ರ॥ಗರಗ
ರಗರ॥ಗ

ಪ್ರತಿ ಸಾಲಿನ ಕೊನೆಯ ಅಕ್ಷರ ಮಾತ್ರ ಮೇಲಿನಿಂದ ಕೆಳಕ್ಕೆ ಓದಿ: ರರ॥ಗಗ. ಒಂದೇ ಅಕ್ಷರಗಳು ಗುಂಪುಗೂಡಿದವು, ಜಿಪ್ ಮಾಡುವವರಿಗೆ ಹಬ್ಬ. ಇನ್ನೂ ಸೋಜಿಗವೆಂದರೆ ಈ ಐದಕ್ಷರದಿಂದ ಮೂಲ ಪದವನ್ನು ಪೂರ್ತಿ ಮರಳಿ ಕಟ್ಟಬಹುದು. ಕೊನೆಯ ಅಕ್ಷರಗಳ ಈ ಕಂಬವನ್ನು ನಿಘಂಟಿನ ಕ್ರಮದಲ್ಲಿ ವಿಂಗಡಿಸಿದರೆ ಮೊದಲ ಅಕ್ಷರಗಳ ಕಂಬವೇ ಸಿಕ್ಕಿಬಿಡುತ್ತದೆ, ಎರಡರ ನಡುವೆ ದಾರ ಹಿಡಿದು ಹಿಂದಕ್ಕೆ ನಡೆದರೆ ಆಯಿತು. ಜೀನೋಮನ್ನು ಹೀಗೆ ಒಮ್ಮೆ ತಿರುಗಿಸಿ ಜೋಡಿಸಿಟ್ಟರೆ ಅದು ಒಂದು ನಿಘಂಟಾಗುತ್ತದೆ. ಜೀನೋಮಿನ ಪ್ರತಿ ಜಾಗದಿಂದ ಶುರುವಾಗುವ ‘ಪದ’ವೂ ಅದರಲ್ಲಿ ಕ್ರಮವಾಗಿ ಕೂತಿರುತ್ತದೆ. ಹಾಗೆ ಕೂತಿದ್ದರೆ, ನಡುವಿನ ಪುಟ ತೆರೆದು ಹಿಂದೋ ಮುಂದೋ ಎಂದು ಕೇಳುತ್ತಾ ಹೋದರೂ 310 ಕೋಟಿಯಲ್ಲಿ ಬೇಕಾದ್ದು 32 ಸಲದೊಳಗೆ ಸಿಕ್ಕಿಬಿಡುತ್ತದೆ. ಬರೋಸ್–ವೀಲರ್ ರೂಪದಲ್ಲಿ ಈ ಇಡೀ ನಿಘಂಟು ಕೆಲವೇ ಜಿಬಿ ಮೆಮೊರಿಯೊಳಗೆ ಹಿಡಿಯುತ್ತದೆ, ಹುಡುಕುವುದೂ ಚೂರಿನ ಉದ್ದದಷ್ಟೇ ಹೆಜ್ಜೆಯಲ್ಲಿ ಮುಗಿಯುತ್ತದೆ. ಮೊದಲು ಚೂರಿನ ತುಣುಕುಗಳು ಪಕ್ಕಾ ಹೊಂದುವ ಜಾಗ ಹುಡುಕು, ಆಮೇಲೆ ಆ ನಾಲ್ಕಾರು ಜಾಗಗಳಲ್ಲಿ ಮಾತ್ರ ಸ್ಮಿತ್–ವಾಟರ್‌ಮನ್ ಚೌಕ ತುಂಬು. 2009ರಲ್ಲಿ ಹೆಂಗ್ ಲಿ ಮತ್ತು ರಿಚರ್ಡ್ ಡರ್ಬಿನ್ ಹೊರತಂದ ಬಿಡಬ್ಲ್ಯುಎ ಎಂಬ ಪ್ರೋಗ್ರಾಂ ನಿಂತಿರುವುದು ಈ ನಿಘಂಟಿನ ಮೇಲೆ. ನಿಮ್ಮ ಪೆನ್‌ಡ್ರೈವಿನ ಬ್ಯಾಮ್ ಫೈಲಿನ (ಚೂರುಗಳನ್ನು ಜಾಗಕ್ಕೆ ಹೊಂದಿಸಿಟ್ಟ ಫೈಲು) ತಲೆಬರಹ ನೋಡಿ, ಅದರ ಹೆಸರು ಇರುವ ಸಂಭವ ಬಹಳ.

ಈ ಹಂತದಲ್ಲಿ ಬಿಸಾಡುವುದೇನು? ಎರಡು ಕಡೆಗೆ ಸಮಸಮ ಹೊಂದುವ ಚೂರನ್ನು. ಅಂಥ ಚೂರಿಗೆ ಪ್ರೋಗ್ರಾಂ ಮ್ಯಾಪಿಂಗ್ ಅಂಕ 0 ಕೊಡುತ್ತದೆ. ‘ಎಲ್ಲೋ ಒಂದು ಕಡೆ ಇಟ್ಟಿದ್ದೇನೆ, ನಂಬಬೇಡಿ’ ಎಂದು ಅದರರ್ಥ. ಮುಂದಿನ ಹಂತದವರು ನಂಬುವುದಿಲ್ಲ, ಆ ಜಾಗ ಖಾಲಿ ಉಳಿಯುತ್ತದೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಕಾಯಿಲೆಯ ಹೆಸರು ಕೇಳಿರುತ್ತೀರಿ, 16 ಕೋಟಿ ರೂಪಾಯಿಯ ಇಂಜೆಕ್ಷನ್ ಎಂದು ಸುದ್ದಿಯಾದದ್ದು. ಅದಕ್ಕೆ ಕಾರಣವಾದ ಎಸ್‌ಎಂಎನ್1 ಜೀನಿಗೆ ಪಕ್ಕದಲ್ಲೇ ಎಸ್‌ಎಂಎನ್2 ಎಂಬ ಅವಳಿ ಇದೆ. ಇಬ್ಬರಿಗೂ ಬೆರಳೆಣಿಕೆಯ ಅಕ್ಷರಗಳಷ್ಟೇ ವ್ಯತ್ಯಾಸ. ಸಾಮಾನ್ಯ ಎಕ್ಸೋಮ್ ಲೆಕ್ಕದಲ್ಲಿ ಅಲ್ಲಿನ ಚೂರುಗಳು ಯಾರ ಮನೆಯವು ಎಂದು ಗೊತ್ತಾಗದೆ ಬೀದಿಯಲ್ಲೇ ಉಳಿಯುತ್ತವೆ. ಅದಕ್ಕೇ ಆ ಕಾಯಿಲೆಗೆ ಬೇರೆಯದೇ ಪರೀಕ್ಷೆ. ನಿಮ್ಮ ಮಗುವಿನ ಲಕ್ಷಣ ಅದಲ್ಲ ಅನಿಸುತ್ತದೆ. ಆದರೆ ‘ಎಕ್ಸೋಮಿನಲ್ಲಿ ಬರಲಿಲ್ಲ, ಹಾಗಾದರೆ ಇಲ್ಲ’ ಎಂಬ ತರ್ಕ ಎಲ್ಲಿ ಮುರಿಯುತ್ತದೆ ಎಂದು ತೋರಿಸಲು ಹೇಳಿದೆ.

ಚೂರುಗಳು ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲೆ ಒಂದೊಂದು ಅಕ್ಷರದ ಮೇಲೂ ಮೂವತ್ತೋ ನೂರೋ ಚೂರುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಇಲ್ಲಿಂದ ಪಂಚಾಯಿತಿ. ನಮಗೆ ಪ್ರತಿ ಜೀನಿನ ಎರಡು ಪ್ರತಿ, ಅಪ್ಪನದೊಂದು ಅಮ್ಮನದೊಂದು. 30 ಚೂರುಗಳಲ್ಲಿ 16 ಸಿ ಎಂದೂ 14 ಟಿ ಎಂದೂ ಸಾಕ್ಷಿ ಹೇಳಿದರೆ ಯಾರಿಗೂ ಗೊಂದಲವಿಲ್ಲ, ಒಂದು ಪ್ರತಿಯಲ್ಲಿ ಸಿ, ಇನ್ನೊಂದರಲ್ಲಿ ಟಿ. ಆದರೆ 27 ಸಿ, 3 ಟಿ ಬಂದರೆ?

ಲೆಕ್ಕ ಹಾಕಿ ನೋಡಿ, ಕಾಗದದ ಮೇಲೇ ಆಗುತ್ತದೆ. ಎರಡು ಪ್ರತಿಯೂ ಬೇರೆಬೇರೆಯಾಗಿದ್ದರೆ ಪ್ರತಿ ಚೂರೂ ನಾಣ್ಯ ಚಿಮ್ಮಿದಂತೆ. 30 ಸಲ ಚಿಮ್ಮಿ ಸರಿಯಾಗಿ 3 ಸಲ ಮಾತ್ರ ಟಿ ಬೀಳುವ ಸಾಧ್ಯತೆ 10 ಲಕ್ಷಕ್ಕೆ ಸುಮಾರು 4. ಎರಡು ಪ್ರತಿಯೂ ಸಿ ಆಗಿದ್ದು, ಸಾವಿರಕ್ಕೊಂದು ತಪ್ಪು ಮಾಡುವ ಯಂತ್ರ ಮೂರು ಸಲ ಎಡವಿದೆ ಎನ್ನೋಣ. ಅದರ ಸಾಧ್ಯತೆಯೂ 10 ಲಕ್ಷಕ್ಕೆ ಸುಮಾರು 4! ತಪ್ಪಾದ ಮೂರೂ ಸಲ ಟಿ ಎಂದೇ ತಪ್ಪಾಗಬೇಕು ಎಂದರೆ ಇನ್ನೂ ಕಡಿಮೆ. ಎರಡು ವಿವರಣೆಯೂ ಹೀಗೆ ಅಷ್ಟು ದುರ್ಬಲವಾಗಿ ನಿಂತರೆ ಅನುಭವಸ್ಥರು ಮೂರನೆಯದನ್ನು ಹುಡುಕುತ್ತಾರೆ. ಈ ಮೂರು ಚೂರುಗಳು ಇಲ್ಲಿಯವೇ ಅಲ್ಲ, ಇದನ್ನೇ ಹೋಲುವ ಇನ್ನೊಂದು ಜಾಗದಿಂದ ಬಂದು ಸೇರಿಕೊಂಡಿವೆ ಎನ್ನುವುದು ಒಂದು. ಅಥವಾ ಮೂರೂ ಒಂದೇ ಚೂರಿನ ನಕಲುಗಳು. ಅಥವಾ, ಅಪರೂಪಕ್ಕೆ, ಮಗುವಿನ ಕೆಲವು ಜೀವಕೋಶಗಳಲ್ಲಿ ಮಾತ್ರ ಈ ಬದಲಾವಣೆ ನಿಜವಾಗಿಯೂ ಇದೆ. ಫಿಟ್ಸ್ ಬರುವ ಮಕ್ಕಳಲ್ಲಿ ಈ ಕೊನೆಯದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಾಮೂಲಿ ಪ್ರೋಗ್ರಾಂ ಮಾತ್ರ ತಳ್ಳಿಹಾಕಿಬಿಡುತ್ತದೆ, ಯಾಕೆಂದರೆ ಅದಕ್ಕೆ ಕೇಳಿರುವುದು ‘ಸೊನ್ನೆಯೋ, ಅರ್ಧವೋ, ಪೂರ್ತಿಯೋ’ ಎಂದಷ್ಟೇ.

ಈ ಪಂಚಾಯಿತಿ ಮಾಡುವ ಪ್ರೋಗ್ರಾಂಗಳಲ್ಲಿ ಹೆಚ್ಚು ಬಳಕೆಯದು ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟಿನ ಜಿಎಟಿಕೆ. ಅನುಮಾನ ಬಂದ ಜಾಗದಲ್ಲಿ ಅದು ಮಾದರಿಯನ್ನು ಪಕ್ಕಕ್ಕಿಟ್ಟು, ಅಲ್ಲಿನ ಚೂರುಗಳನ್ನು ಹೊಸದಾಗಿ ಜೋಡಿಸಿ ನೋಡುತ್ತದೆ. ಗೂಗಲ್‌ನವರ ಡೀಪ್‌ವೇರಿಯಂಟ್ ಇನ್ನೊಂದು ದಾರಿ ಹಿಡಿಯಿತು. ಪೇರಿಸಿಟ್ಟ ಚೂರುಗಳನ್ನೇ ಒಂದು ಚಿತ್ರವಾಗಿಸಿ, ಬೆಕ್ಕು ನಾಯಿ ಗುರುತಿಸುವಂಥ ನರಜಾಲಕ್ಕೆ ತೋರಿಸುತ್ತದೆ. ಮೊದಮೊದಲು ನನಗೆ ಇದು ಗಿಮಿಕ್ ಅನಿಸಿತ್ತು, ಈಗ ಹಾಗೆ ಹೇಳಲಾರೆ. ಲ್ಯಾಬಿನವರನ್ನು ಒಂದು ಪ್ರಶ್ನೆ ಕೇಳಲು ಅವಕಾಶ ಸಿಕ್ಕರೆ, ಯಾವ ಪ್ರೋಗ್ರಾಂ ಎಂದು ಕೇಳಬೇಡಿ. ‘ಜೀನೋಮ್ ಇನ್ ಎ ಬಾಟಲ್’ ಮಾದರಿಯ ಮೇಲೆ ನಿಮ್ಮ ಲೆಕ್ಕ ಓಡಿಸಿ ಪರೀಕ್ಷೆ ಮಾಡಿದ್ದೀರಾ ಎಂದು ಕೇಳಿ. ಅದು ಅಮೆರಿಕದ ಅಳತೆ–ಮಾನಕ ಸಂಸ್ಥೆ ಎನ್‌ಐಎಸ್‌ಟಿ ಸಿದ್ಧಪಡಿಸಿದ, ಹಲವು ತಂತ್ರಗಳಿಂದ ತಿದ್ದಿ ತೀಡಿದ ಉತ್ತರಪತ್ರಿಕೆ. ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಇದ್ದ ಹಾಗೆ.

ಇಷ್ಟಾದ ಮೇಲೆ ಹುಟ್ಟುವುದೇ ವಿಸಿಎಫ್ ಫೈಲ್, ನಿಮ್ಮಂಥವರು ಆರಾಮಾಗಿ ಓದಬಹುದಾದ ಏಕೈಕ ಫೈಲ್. ಒಂದು ಸಾಲಿಗೆ ಒಂದು ವ್ಯತ್ಯಾಸ: ಯಾವ ಕ್ರೋಮೋಸೋಮ್, ಎಷ್ಟನೆಯ ಸ್ಥಾನ, ಮಾದರಿಯಲ್ಲಿ ಯಾವ ಅಕ್ಷರ, ಮಗುವಿನಲ್ಲಿ ಯಾವುದು, ಒಂದು ಪ್ರತಿಯಲ್ಲೋ (0/1) ಎರಡರಲ್ಲೋ (1/1). ನೋಡಲು ಸರಳ, ಆದರೆ ಜಾರುವ ಜಾಗ ಇದೇ. ಸಿಕಲ್ ಸೆಲ್ ಕಾಯಿಲೆಯನ್ನೇ ತೆಗೆದುಕೊಳ್ಳಿ, ಚಾಮರಾಜನಗರದ ಕಡೆಯ ಬುಡಕಟ್ಟು ಸಮುದಾಯಗಳಲ್ಲೂ ಇರುವಂಥದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನ ಮಾಡಿದ ಒಂದಕ್ಷರದ ಬದಲಾವಣೆಗಳಲ್ಲಿ ಅದೂ ಒಂದು. ಪಠ್ಯಪುಸ್ತಕದಲ್ಲಿ ‘ರಕ್ತದ ಬೀಟಾ ಗ್ಲೋಬಿನ್ ಪ್ರೋಟೀನಿನ 6ನೇ ಅಮೈನೋ ಆಮ್ಲದ ಜಾಗದಲ್ಲಿ ಎ ಹೋಗಿ ಟಿ’ ಎಂದಿರುತ್ತದೆ. ಈಗಿನ ವರದಿಯಲ್ಲಿ 7ನೇ ಜಾಗ ಎಂದಿರುತ್ತದೆ, ಯಾಕೆಂದರೆ ಈಗ ಪ್ರೋಟೀನ್ ಶುರುವಾಗುವ ಮೆಥಿಯೊನಿನ್ ಎಂಬ ಅಮೈನೋ ಆಮ್ಲವನ್ನೂ ಎಣಿಸುತ್ತಾರೆ. ವಿಸಿಎಫ್ ತೆರೆದರೆ 11ನೇ ಕ್ರೋಮೋಸೋಮಿನಲ್ಲಿ ಟಿ ಹೋಗಿ ಎ! ಆ ಜೀನ್ ಇರುವುದು ಡಿಎನ್‌ಎಯ ಎದುರು ಎಳೆಯ ಮೇಲೆ, ಫೈಲು ಬರೆಯುವುದು ಯಾವಾಗಲೂ ಈಚೆ ಎಳೆಯನ್ನು. ಇನ್ನು ಸ್ಥಾನ: 2009ರ ಮಾದರಿಯಲ್ಲಿ (37ನೇ ಆವೃತ್ತಿ) ಅದು 5248232, 2013ರ ಮಾದರಿಯಲ್ಲಿ (38ನೇ ಆವೃತ್ತಿ) 5227002. ಈ ಹೇಳಿಕೆಗಳೆಲ್ಲ ಒಂದೇ ಅಕ್ಷರದ ಬಗ್ಗೆ, ಎಲ್ಲವೂ ಸರಿ.

ಎರಡು ಲ್ಯಾಬಿನ ವರದಿ ಪಕ್ಕಪಕ್ಕ ಇಟ್ಟು ‘ಸ್ಥಾನವೇ ಬೇರೆ ಬೇರೆ, ಯಾರೋ ಮೋಸ ಮಾಡಿದ್ದಾರೆ’ ಎಂದು ಗಾಬರಿಯಾಗಿ ಬರೆಯುವವರಿಗೆಲ್ಲ ನಾನು ಮೊದಲು ಕೇಳುವುದು ಮಾದರಿ ಯಾವುದು ಎಂದು, 37ನೆಯದೋ 38ನೆಯದೋ. ಬೇರೆಯವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ ಬಿಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ 37ರ ಜೀನ್ ಪಟ್ಟಿಯನ್ನು 38ರ ಫೈಲಿನ ಮೇಲೆ ಓಡಿಸಿ, ಮೂರು ದಿನ ‘ಅದ್ಭುತ’ ಫಲಿತಾಂಶಗಳನ್ನು ನೋಡಿಕೊಂಡು ಖುಷಿಪಟ್ಟವನು ನಾನು. ಪಕ್ಕದ ಮೇಜಿನವರು ಟೀ ಕುಡಿಯುತ್ತಾ ತಲೆಬರಹ ಓದಿ ಹೇಳಿದಾಗ ಆದ ಅವಮಾನ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಇನ್ನೊಂದು ಎಚ್ಚರ: ವಿಸಿಎಫ್ ಆಗಲಿ ಜೀನ್ ಪಟ್ಟಿಯಾಗಲಿ ಎಕ್ಸೆಲ್‌ನಲ್ಲಿ ತೆರೆಯಬೇಡಿ. ಎಸ್‌ಇಪಿಟಿ1 ಎಂಬ ಜೀನಿನ ಹೆಸರನ್ನು ಅದು ಸೆಪ್ಟೆಂಬರ್ 1 ಎಂಬ ತಾರೀಖು ಮಾಡಿಬಿಡುತ್ತಿತ್ತು. ಕಾಟ ತಾಳಲಾರದೆ 2020ರಲ್ಲಿ ಜೀನುಗಳ ಹೆಸರನ್ನೇ ಬದಲಾಯಿಸಿದರು, ಇದನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ!

ಈಗ ನಿಜವಾದ ಜರಡಿ. ಮಗುವಿನ ಹತ್ತಾರು ಸಾವಿರ ವ್ಯತ್ಯಾಸಗಳಲ್ಲಿ ಕಾಯಿಲೆಯದು ಯಾವುದು? ಮೊದಲ ತರ್ಕ ಸರಳ. ಅಪರೂಪದ ಕಾಯಿಲೆಗೆ ಕಾರಣವೂ ಅಪರೂಪವೇ ಇರಬೇಕು. ಜನರಲ್ಲಿ ಶೇ 1ಕ್ಕಿಂತ ಹೆಚ್ಚು ಕಾಣುವ ವ್ಯತ್ಯಾಸಗಳನ್ನು ಬಿಸಾಡು. ಹೆಚ್ಚಿನವು ಈ ಒಂದೇ ಏಟಿಗೆ ಹೋಗುತ್ತವೆ. ಆದರೆ ‘ಜನರಲ್ಲಿ’ ಎಂದರೆ ಯಾರಲ್ಲಿ? ಎಲ್ಲರೂ ನೋಡುವ ನೋಮ್ಯಾಡ್ ಎಂಬ ಜಾಗತಿಕ ದತ್ತಾಂಶದಲ್ಲಿ 2023ರ ಆವೃತ್ತಿಗೆ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇದೆ, ಆದರೆ ಬಹುಪಾಲು ಯುರೋಪಿಯನ್ ಮೂಲದವರದು. ಮಾದರಿ ಜೀನೋಮೇ ಹಾಗೆ, ಅದರ ಸುಮಾರು ಶೇ 70 ಭಾಗ ಬಂದದ್ದು ಅಮೆರಿಕದ ಬಫಲೋ ನಗರದ ಒಬ್ಬರೇ ದಾನಿಯಿಂದ. ದೆಹಲಿಯ ಐಜಿಐಬಿ ಸಂಸ್ಥೆ ಇಂಡಿಜೆನ್ ಯೋಜನೆಯಲ್ಲಿ 1029 ಭಾರತೀಯರ ಜೀನೋಮ್ ಓದಿದಾಗ ಸಿಕ್ಕ 5.5 ಕೋಟಿಗೂ ಹೆಚ್ಚು ವ್ಯತ್ಯಾಸಗಳಲ್ಲಿ ಮೂರನೇ ಒಂದು ಭಾಗದಷ್ಟು ಜಾಗತಿಕ ದತ್ತಾಂಶಗಳಲ್ಲಿ ಇರಲೇ ಇಲ್ಲ. ಅಂದರೆ ಅಲ್ಲಿ ‘ಎಲ್ಲೂ ಕಂಡಿಲ್ಲ, ಭಾರೀ ಅಪರೂಪ’ ಎಂದು ಗಂಟೆ ಹೊಡೆಯುವುದು ಇಲ್ಲಿ ನೆರೆಮನೆಯವರಲ್ಲೂ ಆರೋಗ್ಯವಾಗಿ ಕೂತಿರಬಹುದು.

ಉಲ್ಟಾ ಕೂಡ ಆಗುತ್ತದೆ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ರೂಪ ಭಾರತ ಉಪಖಂಡದವರಲ್ಲಿ ಸುಮಾರು ಶೇ 4 ಜನರಲ್ಲಿದೆ, ಬೇರೆಡೆ ಇಲ್ಲವೆನ್ನುವಷ್ಟು ಕಡಿಮೆ. ಅದು ಹೃದ್ರೋಗದ ಅಪಾಯ ಹೆಚ್ಚಿಸುತ್ತದೆ ಎಂದು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಇದ್ದ ತಂಡ 2009ರಲ್ಲಿ ವರದಿ ಮಾಡಿತು. ಅದು ಎಷ್ಟರಮಟ್ಟಿಗೆ, ಯಾರಲ್ಲಿ ಎಂಬ ಚರ್ಚೆ ಆಮೇಲೂ ನಡೆದಿದೆ. ನನ್ನ ಮಾತು ಜರಡಿಯ ಬಗ್ಗೆ. ಶೇ 1ರ ಗೆರೆ ಎಳೆದು ಕೂತ ಪ್ರೋಗ್ರಾಂ ನಮ್ಮವರ ಫೈಲಿನಿಂದ ಅದನ್ನು ಕಣ್ಣುಮುಚ್ಚಿ ಎಸೆಯುತ್ತದೆ. ಒಳಬಳಗದಲ್ಲೇ ತಲೆತಲಾಂತರ ಮದುವೆ ಮಾಡಿಕೊಂಡು ಬಂದ ನಮ್ಮಲ್ಲಿ, ಊರಿಗೆಲ್ಲ ಅಪರೂಪವಾದದ್ದು ಒಂದು ಸಮುದಾಯದೊಳಗೆ ಮಾಮೂಲಿಯಾಗಿರುತ್ತದೆ. ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧ ಕೆಲವು ಆರ್ಯ ವೈಶ್ಯರಲ್ಲಿ ಬೇಗ ಇಳಿಯುವುದಿಲ್ಲ. ಅದರ ಹಿಂದಿರುವ ಬಿಸಿಎಚ್‌ಇ ಜೀನಿನ ಬದಲಾವಣೆ ಇದಕ್ಕೆ ಹಳೆಯ ಉದಾಹರಣೆ. ಇನ್ನು ಮುಂದೆ ಪರಿಸ್ಥಿತಿ ಸುಧಾರಿಸಬೇಕು. ನಮ್ಮ ಐಐಎಸ್‌ಸಿಯಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಜೀನೋಮ್‌ಗಳ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದ್ದಾರೆ. ನಿಮ್ಮ ಲ್ಯಾಬು ನೋಮ್ಯಾಡ್ ಬಿಟ್ಟು ಭಾರತದ ಯಾವ ದತ್ತಾಂಶದ ಜತೆ ತಾಳೆ ನೋಡಿದೆ ಎಂಬುದು ವರದಿಯ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಕೇಳಿ.

ಸೋದರಮಾವನ ಮಾತಿಗೆ ಈಗ ಬಂದೆ. ಸೋದರಮಾವ–ಸೊಸೆಯ ಮಗುವಿನ ಜೀನೋಮಿನಲ್ಲಿ ಸರಾಸರಿ ಎಂಟನೇ ಒಂದು ಭಾಗದಷ್ಟು ಕಡೆ ಅಪ್ಪನಿಂದ ಬಂದ ಪ್ರತಿಯೂ ಅಮ್ಮನಿಂದ ಬಂದ ಪ್ರತಿಯೂ ಒಂದೇ ಮೂಲದವು, ಅಕ್ಷರಕ್ಕೆ ಅಕ್ಷರ ಒಂದೇ. ಫೈಲಿನಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ: 0/1, 1/1 ಎಂದು ಬೆರೆತು ಬರುವ ಸಾಲುಗಳ ನಡುವೆ ಒಮ್ಮೆಲೇ ಲಕ್ಷಾಂತರ ಅಕ್ಷರಗಳ ಉದ್ದಕ್ಕೂ 0/1 ಮಾಯವಾಗಿ ಬರೀ 1/1. ಈ ಪಟ್ಟೆಗಳನ್ನು ಪ್ರೋಗ್ರಾಂ ಸುಲಭವಾಗಿ ಪಟ್ಟಿ ಮಾಡುತ್ತದೆ. ಎರಡು ಪ್ರತಿಯೂ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳು ಇಂಥ ಕುಟುಂಬಗಳಲ್ಲಿ ಅಡಗಿರುವುದು ಬಹುಮಟ್ಟಿಗೆ ಈ ಪಟ್ಟೆಗಳೊಳಗೆ. ನಿಮ್ಮ ವರದಿ ಎತ್ತಿ ತೋರಿಸಿರುವುದು ಒಂದೇ ಪ್ರತಿಯಲ್ಲಿರುವ ಬದಲಾವಣೆ. ಅದೇ ಕಾರಣವಾಗಿರಲೂಬಹುದು. ಆದರೆ ಈ ಫೈಲು ನನ್ನ ಕೈಗೆ ಬಂದರೆ ಆ ಸಾಲನ್ನು ಬದಿಗಿಟ್ಟು ಮೊದಲು ಪಟ್ಟೆಗಳೊಳಗಿನ 1/1 ಸಾಲುಗಳನ್ನು ನೋಡುತ್ತೇನೆ, ಮೊದಲ ಸುತ್ತಿನಲ್ಲಿ ಕೆಳಗೆ ಬಿದ್ದವನ್ನೂ ಸೇರಿಸಿ. ರಕ್ತಸಂಬಂಧದ ಕಾಲಂ ಖಾಲಿ ಬಿಟ್ಟಿದ್ದರೆ ಲ್ಯಾಬಿನವರಿಗೆ ಹೀಗೆ ನೋಡಬೇಕೆಂದು ತೋಚದೇ ಹೋಗಿರಬಹುದು. ಮುಜುಗರಪಟ್ಟುಕೊಂಡು ಈ ಕಾಲಂ ಮುಚ್ಚಿಡುವವರು ಬಹಳ. ನಮ್ಮ ಲೆಕ್ಕಕ್ಕೆ ಅದು ಕಳಂಕವಲ್ಲ, ಸುಳಿವು.

‘ಮಹತ್ವ ಅನಿಶ್ಚಿತ’ ಎಂಬುದರ ಬಗ್ಗೆ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಸ್ಥೆ ಎಸಿಎಂಜಿ 2015ರಲ್ಲಿ ಹಾಕಿಕೊಟ್ಟ ಐದು ಮೆಟ್ಟಿಲುಗಳಿವೆ: ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ‘ಬಹುಶಃ’ ಎಂದು ಬರೆಯಲು ಶೇ 90ರಷ್ಟು ಭರವಸೆ ಇರಬೇಕು. ನಡುವಿನ ಮೆಟ್ಟಿಲಿನ ಅಗಲ ಬಹಳ, ಅರ್ಧಕ್ಕರ್ಧ ಅನುಮಾನವೂ ಅಲ್ಲೇ, ಏನೂ ಗೊತ್ತಿಲ್ಲದ್ದೂ ಅಲ್ಲೇ. ಆಲ್ಫಾಮಿಸೆನ್ಸ್‌ನಂಥ ಎಐ ಮಾದರಿಗಳು ಪ್ರೋಟೀನಿನ ಒಂದು ಅಮೈನೋ ಆಮ್ಲ ಬದಲಿಸುವ 7.1 ಕೋಟಿ ಸಂಭವನೀಯ ಬದಲಾವಣೆಗಳಿಗೆ 2023ರಲ್ಲೇ ಅಂಕ ಕೊಟ್ಟಿಟ್ಟಿವೆ. ನೀವು ಹುಡುಕಿದರೆ ನಿಮ್ಮದಕ್ಕೂ ಸಿಗಬಹುದು. ನೋಡಿ, ಆದರೆ ಅದನ್ನು ತೀರ್ಪು ಎಂದುಕೊಳ್ಳಬೇಡಿ, ಹತ್ತು ಸಾಕ್ಷಿಗಳಲ್ಲಿ ಒಂದು. ಅದಕ್ಕಿಂತ ಗಟ್ಟಿ ಸಾಕ್ಷಿ ಮನೆಯಲ್ಲೇ ಇದೆ. ಅಪ್ಪ ಅಮ್ಮನ ರಕ್ತದಲ್ಲಿ ಆ ಒಂದು ಜಾಗವನ್ನು ಮಾತ್ರ ಸ್ಯಾಂಗರ್ ವಿಧಾನದಿಂದ ಓದಿಸಿ. ಎಕ್ಸೋಮಿಗೆ ಹೋಲಿಸಿದರೆ ಖರ್ಚು ಅಲ್ಪ. ಇಬ್ಬರಲ್ಲೂ ಇಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು ಎಂದಾದರೆ ಅದು ಮೇಲಿನ ಮೆಟ್ಟಿಲಿಗೆ ಏರುವ ಸಂಭವ ಜೋರು. ಗಟ್ಟಿಮುಟ್ಟಾಗಿರುವ ನಿಮ್ಮ ಮಾವನಲ್ಲೂ ಅದೇ ಇದ್ದರೆ ಅಷ್ಟೇ ಬೇಗ ಕೆಳಗಿಳಿಯುತ್ತದೆ. ಮೂವರ ಪೂರ್ತಿ ಎಕ್ಸೋಮನ್ನೂ ಒಟ್ಟಿಗೆ ಇಟ್ಟು ನೋಡುವುದು ಇನ್ನೂ ಒಳ್ಳೆಯದು, ದುಡ್ಡು ಹೊಂದಿದರೆ.

ಎಕ್ಸೋಮ್ ಕಾಣಲಾರದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ಜೀನುಗಳ ನಡುವಿನ ಭಾಗ ಬಹುತೇಕ, ಫ್ರಜೈಲ್ ಎಕ್ಸ್ ಎಂಬ ಕಾಯಿಲೆಯಲ್ಲಿ ಆಗುವಂತೆ ಮೂರಕ್ಷರ ನೂರಾರು ಸಲ ಮರುಕಳಿಸುವುದು, ತಲೆಕೆಳಗಾದ ದೊಡ್ಡ ತುಂಡುಗಳು. ದೊಡ್ಡ ತುಂಡೇ ಬಿಟ್ಟುಹೋಗಿದ್ದರೆ ಚೂರುಗಳ ಸಂಖ್ಯೆ ಅಲ್ಲಿ ಅರ್ಧಕ್ಕಿಳಿದಿರುವುದರಿಂದ ಊಹಿಸಬಹುದು, ಆದರೆ ಆ ಲೆಕ್ಕ ಮಾಡಿದ್ದೇವೆ ಎಂದು ವರದಿಯಲ್ಲಿ ಬರೆದಿರಬೇಕು. ಬೆಳವಣಿಗೆ ತಡವಾದ ಮಕ್ಕಳಿಗೆ ಡಾಕ್ಟರು ದೊಡ್ಡ ತುಂಡು ಬಿಟ್ಟುಹೋಗಿದೆಯೇ ಎಂದು ನೋಡುವ ಮೈಕ್ರೋಅರೇ ಎಂದೋ ಫ್ರಜೈಲ್ ಎಕ್ಸ್ ಎಂದೋ ಬೇರೆ ಪರೀಕ್ಷೆ ಬರೆಯುವುದು ಇದಕ್ಕೇ, ಕಮಿಷನ್‌ಗಲ್ಲ.

ಹಾಗಾಗಿ ಈಗ ಮಾಡಬೇಕಾದ್ದು: ಜೆನೆಟಿಕ್ ಕೌನ್ಸೆಲರ್ ಜತೆ ಕೂತು ಮೂರು ತಲೆಮಾರಿನ ವಂಶವೃಕ್ಷ ಬರೆಸಿ, ಲ್ಯಾಬಿಗೆ ರಕ್ತಸಂಬಂಧದ ಮಾಹಿತಿಯನ್ನೂ ಒಂದು ವರ್ಷದಿಂದ ಬರುತ್ತಿರುವ ಫಿಟ್ಸಿನ ವಿವರವನ್ನೂ ಲಿಖಿತವಾಗಿ ಕೊಟ್ಟು ಮರುವಿಶ್ಲೇಷಣೆ ಕೇಳಿ. ಮಗುವಿನಿಂದ ಒಂದು ಹನಿ ರಕ್ತವೂ ಬೇಕಿಲ್ಲ, ಈ ಫೈಲುಗಳೇ ಸಾಕು. ಉತ್ತರ ಸಿಗದೇ ಉಳಿದ ಹಳೆಯ ಎಕ್ಸೋಮ್‌ಗಳನ್ನು ವರ್ಷವೋ ಎರಡು ವರ್ಷವೋ ಬಿಟ್ಟು ಮತ್ತೆ ಲೆಕ್ಕಕ್ಕೆ ಹಾಕಿದಾಗ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಉತ್ತರ ಸಿಕ್ಕಿರುವುದನ್ನು ಅಧ್ಯಯನಗಳು ತೋರಿಸಿವೆ. ನಡುವಿನ ಅವಧಿಯಲ್ಲಿ ಹೊಸ ಜೀನ್–ಕಾಯಿಲೆ ನಂಟುಗಳು ಪತ್ತೆಯಾಗಿರುತ್ತವೆ. ಹತ್ತು ಎಂದರೆ ಕಡಿಮೆಯೇ, ತೊಂಬತ್ತು ಮನೆಯವರು ಮತ್ತೆ ಕಾಯುತ್ತಾರೆ. ಅದನ್ನು ನಿಮ್ಮ ತಂಗಿಗೆ ಮೊದಲೇ ಹೇಳಿಬಿಡಿ.

ಪೆನ್‌ಡ್ರೈವನ್ನು ಬೀರುವಿನಲ್ಲಿಟ್ಟು ಮರೆಯಬೇಡಿ, ಅವು ಹೇಳದೆ ಕೇಳದೆ ಸಾಯುತ್ತವೆ. ಇವತ್ತೇ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ಪೂರ್ತಿ ಫೋಲ್ಡರ್ ಹಾಕಿ, ಬ್ಯಾಮ್, ವಿಸಿಎಫ್ ಮಾತ್ರವಲ್ಲ ಫಾಸ್ಟ್‌ಕ್ಯೂ ಕೂಡ. ಮುಂದೆ ಮಾದರಿ ಜೀನೋಮ್ ಬದಲಾದಾಗ ಮೊದಲಿನಿಂದ ಶುರು ಮಾಡಲು ಬೇಕಾಗುವುದು ಅದೇ. ಬಿಟ್ಟಿ ವಿಶ್ಲೇಷಣೆ ಮಾಡಿಕೊಡುತ್ತೇವೆ ಎನ್ನುವ ಗುರುತಿಲ್ಲದ ವೆಬ್‌ಸೈಟುಗಳಿಗೆ ಅಪ್‌ಲೋಡ್ ಮಾಡಬೇಡಿ. ಪಾಸ್‌ವರ್ಡ್ ಬದಲಿಸಬಹುದು, ಮಗುವಿನ ಜೀನೋಮ್ ಬದಲಿಸಲಾಗುವುದಿಲ್ಲ. ಫೋಲ್ಡರಿನಲ್ಲಿ ಎಂಡಿ5 ಎಂಬ ಚಿಕ್ಕ ಫೈಲ್ (ಉಳಿದ ಫೈಲುಗಳ ಬೆರಳಚ್ಚು ಇದ್ದ ಹಾಗೆ) ಇದ್ದರೆ ನಕಲಾದ ಮೇಲೆ ಅದರ ಜತೆ ತಾಳೆ ನೋಡಿ. ಇಲ್ಲದಿದ್ದರೆ ಲ್ಯಾಬಿನಿಂದ ಕೇಳಿ ತರಿಸಿಕೊಳ್ಳಿ, ಅವರ ಸರ್ವರಿನಲ್ಲಿ ಮೂಲ ಫೈಲು ಇನ್ನೂ ಇರುವಾಗಲೇ.